ಅಕ್ಕನಿಗೆ ಮೈನಸ್ ಮೂರೂಕಾಲು, ತಮ್ಮನಿಗೆ ಇನ್ನೂ ಇಲ್ಲ: ಮಕ್ಕಳ ಸಮೀಪದೃಷ್ಟಿಯ ಒಂದು ಪ್ರಕರಣ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲು ಮನೆತನ. ಮಗಳಿಗೆ 10 ವರ್ಷ, ಐದನೇ ತರಗತಿ. ಎರಡನೇ ತರಗತಿ ಮುಗಿದ ಮೇಲೆ ಅವಳನ್ನು ಕಲಬುರಗಿಯಲ್ಲಿ ಸೋದರಮಾವನ ಮನೆಯಲ್ಲಿಟ್ಟು ಓದಿಸುತ್ತಿದ್ದಾರೆ. ಶಾಲೆಯ ಜೊತೆಗೆ ನವೋದಯ ಪ್ರವೇಶ ಪರೀಕ್ಷೆಯ ಕೋಚಿಂಗ್ ಕೂಡ ನಡೆದಿದೆ. ಮಗನಿಗೆ 7 ವರ್ಷ, ಇನ್ನೂ ಊರಲ್ಲೇ ಇದ್ದಾನೆ. ಬರುವ ಜೂನ್‌ಗೆ ಅವನನ್ನೂ ಕಲಬುರಗಿಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿದೆ. ಕಣ್ಣು ತೋರಿಸಲು ಬಂದದ್ದು ಮಗಳಿಗೆ, ತಮ್ಮ ಸುಮ್ಮನೆ ಜೊತೆಗೆ ಬಂದಿದ್ದ. ಆದರೆ ಈ ಪ್ರಕರಣದಲ್ಲಿ ನಿಜವಾಗಿ ಕೈಗೆ ಸಿಗುವ ಕೆಲಸ ಇದ್ದದ್ದು ಅವನ ಕಣ್ಣಿನಲ್ಲೇ.

ಇದು ಯಾವುದೋ ಒಂದು ಮನೆಯ ದಾಖಲೆಯಲ್ಲ. ಈ ಭಾಗದ ಕಣ್ಣಿನ ಹೊರರೋಗಿ ವಿಭಾಗಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದು ಕುಟುಂಬಕ್ಕೆ ಕೂಡಿಸಿ ಬರೆದದ್ದು. ಇಲ್ಲಿನ ಅಳತೆಗಳು ಇಂಥ ಮಕ್ಕಳಲ್ಲಿ ಸಿಗುವ ಮಟ್ಟದವು.

ತಾಯಿ ಕೇಳಿದ್ದು ಎಲ್ಲ ತಾಯಂದಿರೂ ಕೇಳುವುದನ್ನೇ: "ನಂಬರ್ ಅವರಪ್ಪಗ ಅದಾವ್ರಿ, ಅದಕ್ಕ ಬಂದಾವೇನ್ರಿ? ಇಲ್ಲಾ ಮೊಬೈಲಿಂದ ಬಂದಾವೇನ್ರಿ?"

ಅಂಗಡಿಯ ನಂಬರ್, ಹನಿ ಹಾಕಿದ ನಂಬರ್

ಹುಡುಗಿಗೆ ಮೊದಲ ಚಸ್ಮಾ ಬಂದದ್ದು ಎಂಟೂವರೆ ವರ್ಷಕ್ಕೆ, ಚಸ್ಮಾ ಅಂಗಡಿಯ ಕಂಪ್ಯೂಟರ್ ಪರೀಕ್ಷೆಯ ಮೇಲೆ. ಎರಡೂ ಕಣ್ಣಿಗೆ −1.50 (ಮೈನಸ್ ಎಂದರೆ ದೂರದ್ದು ಮಸುಕಾಗುವ ಸಮೀಪದೃಷ್ಟಿ). ಹನಿ ಹಾಕಿರಲಿಲ್ಲ. ಈಗ ಮತ್ತೆ ಬೋರ್ಡ್ ಕಾಣುತ್ತಿಲ್ಲ, ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದಾಳೆ. ಅದೇ ಅಂಗಡಿಯವರು ಮತ್ತೆ ಯಂತ್ರಕ್ಕೆ ಕೂರಿಸಿ −4.25 ಮತ್ತು −4.00 ಎಂದು ಚೀಟಿ ಕೊಟ್ಟಿದ್ದಾರೆ. ಒಂದೂವರೆ ವರ್ಷಕ್ಕೆ ಎರಡೂಮುಕ್ಕಾಲು ನಂಬರ್ ಏರಿತೆಂದು ಮನೆಯವರು ಗಾಬರಿಯಾಗಿದ್ದಾರೆ.

ಇಲ್ಲಿ ಅವಸರ ಮಾಡಬಾರದು. ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ಯಂತ್ರದೊಳಗಿನ ಚಿತ್ರ ಹತ್ತಿರದಲ್ಲಿದೆ ಎಂದುಕೊಂಡು ಮಗು ಫೋಕಸ್ ಬಿಗಿ ಹಿಡಿಯುತ್ತದೆ. ಆಗ ಇಲ್ಲದ ಮೈನಸ್ ಕಾಣುತ್ತದೆ, ಇರುವ ಮೈನಸ್ ಹೆಚ್ಚಾಗಿ ಕಾಣುತ್ತದೆ. ಆ ಹಿಡಿತ ಬಿಡಿಸಲು ಸೈಕ್ಲೊಪೆಂಟೊಲೇಟ್ 1% ಹನಿ ಬೇಕು. ಕಣ್ಣಿಗೆ ಒಂದು ಹನಿ, ಐದರಿಂದ ಹತ್ತು ನಿಮಿಷ ಬಿಟ್ಟು ಇನ್ನೊಂದು. ಕೊನೆಯ ಹನಿಯಾದ 30ರಿಂದ 40 ನಿಮಿಷಕ್ಕೆ ರೆಟಿನೋಸ್ಕೋಪ್ (ಕಣ್ಣಿಗೆ ಬೆಳಕು ಹಾಯಿಸಿ ನಂಬರ್ ಹಿಡಿಯುವ ಉಪಕರಣ) ಹಿಡಿದು ನೋಡುವುದು. ನಮ್ಮವರ ಕಡುಬಣ್ಣದ ಐರಿಸ್‌ಗೆ (ಪಾಪೆಯ ಸುತ್ತಲಿನ ಬಣ್ಣದ ಬಳೆ) ಹನಿ ನಿಧಾನಕ್ಕೆ ಹತ್ತುತ್ತದೆ. ಪಾಪೆ ಅಗಲವಾದ ಮಾತ್ರಕ್ಕೆ ಸ್ನಾಯು ಸಡಿಲಾಗಿದೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಪಾಪೆ ಅರಳಿಸುವ ಟ್ರೋಪಿಕಮೈಡ್ ಹನಿಯನ್ನಷ್ಟೇ ಹಾಕಿದಾಗ ಆಗುವುದೂ ಇದೇ: ಪಾಪೆ ಅರಳಿರುತ್ತದೆ, ಫೋಕಸ್ ಹಿಡಿತ ಅರ್ಧ ಉಳಿದಿರುತ್ತದೆ. ಹನಿ ಹಾಕಿದ ದಿನ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ, ಕೆಲವು ಮಕ್ಕಳಿಗೆ ಮುಖ ಕೆಂಪಾಗಿ ತೂಕಡಿಕೆ ಬರುತ್ತದೆ. ಮಾರನೇ ದಿನಕ್ಕೆ ಸರಿಹೋಗುತ್ತದೆ. ಶಾಲೆಯ ಟೆಸ್ಟಿನ ಹಿಂದಿನ ದಿನ ಮಾತ್ರ ಬೇಡ.

ಹನಿಯ ನಂತರ ಬಲಗಣ್ಣು −3.25, ಎಡಗಣ್ಣು −3.00. ಚಸ್ಮಾ ಇಲ್ಲದೆ ನೋಟ 6/60 (ಸರಿಯಾದ ಕಣ್ಣು 60 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದಷ್ಟೇ ಓದುವುದು), ಹಳೆಯ ಚಸ್ಮಾದಲ್ಲಿ 6/18, ಹೊಸ ನಂಬರಿನಲ್ಲಿ 6/6. ಅಂಗಡಿಯ ಚೀಟಿಯಲ್ಲಿ ಒಂದು ಡಯಾಪ್ಟರ್ (ಚಸ್ಮಾ ನಂಬರಿನ ಅಳತೆ) ಸುಳ್ಳು ಮೈನಸ್ ಇತ್ತು. ಆ ಚೀಟಿಯಂತೆ ಚಸ್ಮಾ ಮಾಡಿಸಿದ್ದರೆ ಓದುವಾಗಲೆಲ್ಲ ಕಣ್ಣು ಆ ಹೆಚ್ಚುವರಿ ಒಂದನ್ನು ಹೊರಬೇಕಾಗುತ್ತಿತ್ತು. ಇನ್ನೂ ಒಂದು ತೊಡಕಿದೆ. ಹಳೆಯ −1.50 ಕೂಡ ಹನಿ ಇಲ್ಲದೆ ಬಂದದ್ದು. ಹಾಗಾಗಿ ಒಂದೂವರೆ ವರ್ಷದಲ್ಲಿ ನಿಜಕ್ಕೂ ಎಷ್ಟು ಏರಿತೆಂದು ಹೇಳಲು ಆಧಾರವೇ ಇಲ್ಲ. ಏರುವ ವೇಗದ ಮೇಲೆ ಚಿಕಿತ್ಸೆ ನಿರ್ಧಾರವಾಗುವಾಗ ಇದು ಸಣ್ಣ ನಷ್ಟವಲ್ಲ.

ಅದಕ್ಕಾಗಿ ನಂಬರಿಗಿಂತ ಕಣ್ಣುಗುಡ್ಡೆಯ ಉದ್ದದ ಮೇಲೆ ಹೆಚ್ಚು ಭರವಸೆ. ಹುಟ್ಟಿದಾಗ ಕಣ್ಣು ಸುಮಾರು 17 ಮಿ.ಮೀ. ಉದ್ದ. ದೊಡ್ಡವರಲ್ಲಿ 23.5ರಿಂದ 24ರ ಆಸುಪಾಸು. ಮಗುವಿನ ಕಣ್ಣು ಬೆಳೆಯುತ್ತ ಬೆಳೆಯುತ್ತ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ, ಒಳಗಿನ ಮಸೂರಗಳ ಶಕ್ತಿಗೆ ತಕ್ಕ ಉದ್ದಕ್ಕೆ ಬಂದು ನಿಲ್ಲಬೇಕು. ನಿಲ್ಲದೆ ಇನ್ನೊಂದು ಮಿ.ಮೀ. ಮುಂದೆ ಹೋದರೆ ಎರಡೂವರೆಯಿಂದ ಮೂರು ಡಯಾಪ್ಟರ್ ಮೈನಸ್. ಆಪ್ಟಿಕಲ್ ಬಯೋಮೀಟರ್ ಎಂಬ ಯಂತ್ರ ಇದನ್ನು ಕಣ್ಣು ಮುಟ್ಟದೆ, ಬೆಳಕಿನಿಂದಲೇ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಅಳೆಯುತ್ತದೆ. ಶಬ್ದತರಂಗದಿಂದ ಅಳೆಯುವ ಹಳೆಯ ಎ-ಸ್ಕ್ಯಾನ್ ಪ್ರೋಬ್ ಕಾರ್ನಿಯಾಕ್ಕೆ ತುಸು ಒತ್ತಿದರೂ 0.1 ಮಿ.ಮೀ. ತಪ್ಪುತ್ತದೆ. ಆರು ತಿಂಗಳ ಬೆಳವಣಿಗೆಯೇ ಅಷ್ಟಿರುವಾಗ ಆ ಯಂತ್ರದಿಂದ ವೇಗ ಹಿಡಿಯಲಾಗದು. ಹುಡುಗಿಯ ಬಲಗಣ್ಣು 24.90, ಎಡಗಣ್ಣು 24.78 ಮಿ.ಮೀ.

ತಮ್ಮನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದ್ದು ತಂದೆಗೆ ಅಷ್ಟು ಹಿಡಿಸಲಿಲ್ಲ. "ಅವಗೇನ್ ಆಗೇತ್ರಿ, ಹೊಲದ ಆ ಬದುವಿನ ಮ್ಯಾಲಿನ ಹಕ್ಕಿ ಕಾಣ್ತದ ಅವಗ." ಮಾತು ಸುಳ್ಳಲ್ಲ. ಎರಡೂ ಕಣ್ಣಿನ ನೋಟ 6/6. ಆದರೆ ಹನಿ ಹಾಕಿದ ಮೇಲೆ ಸಿಕ್ಕದ್ದು +0.25, ಕಣ್ಣಿನ ಉದ್ದ 23.05 ಮಿ.ಮೀ. ಏಳು ವರ್ಷದ ಮಗುವಿನಲ್ಲಿ ಒಂದಷ್ಟು ಪ್ಲಸ್ ಉಳಿದಿರಬೇಕು, ಅಂದರೆ ಕಣ್ಣು ಇನ್ನೂ ತುಸು ಗಿಡ್ಡವಾಗಿರಬೇಕು. ಅದು ಮುಂದಿನ ಬೆಳವಣಿಗೆಗೆ ಇಟ್ಟ ಠೇವಣಿ. 2015ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 6 ವರ್ಷಕ್ಕೆ +0.75ಕ್ಕಿಂತ, 7–8 ವರ್ಷಕ್ಕೆ +0.50ಕ್ಕಿಂತ ಕಡಿಮೆ ಪ್ಲಸ್ ಉಳಿದವರಲ್ಲೇ ಮುಂದೆ ಮೈನಸ್ ಬರುವ ಸಂಭವ ಹೆಚ್ಚು ಎಂದು ಕಂಡುಬಂತು. ತಂದೆತಾಯಿಗೆ ಚಸ್ಮಾ ಇದೆಯೇ ಎಂಬುದಕ್ಕಿಂತಲೂ ಈ ಒಂದು ಅಳತೆ ಚೆನ್ನಾಗಿ ಮುನ್ಸೂಚನೆ ಕೊಟ್ಟಿತ್ತು. ಹುಡುಗನ ಠೇವಣಿ ಬಹುತೇಕ ಖರ್ಚಾಗಿದೆ.

ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ತಪಾಸಣೆಯಲ್ಲಿ ಇವನು ಪಾಸಾಗುತ್ತಾನೆ, ಆಗಲೇಬೇಕು. ದೂರದ ಅಕ್ಷರ ಓದಿಸುವ ಪರೀಕ್ಷೆ ಹಿಡಿಯುವುದು ಆಗಲೇ ಮೈನಸ್ ಬಂದವರನ್ನು ಮಾತ್ರ. ಹಾಗೆ ನೋಡಿದರೆ ಅಕ್ಕನೂ ಹಿಂದಿನ ವರ್ಷದ ತಪಾಸಣೆಯಲ್ಲಿ ಪಾಸಾಗಿದ್ದಳು. ಸಾಲಿನಲ್ಲಿ ನಿಂತಾಗ ಮುಂದಿನವರು ಓದಿದ್ದು ಬಾಯಿಪಾಠವಾಗಿತ್ತು, ಕಣ್ಣು ಮುಚ್ಚಿದ ಬೆರಳುಗಳ ಸಂದಿಯಿಂದ ಇನ್ನೊಂದು ಕಣ್ಣು ಇಣುಕುತ್ತಿತ್ತು. ಬೆರಳಿನ ಬದಲು ಅಂಗೈ ಬಟ್ಟಲು ಮಾಡಿ ಮುಚ್ಚಿಸಬೇಕು, ಪ್ರತಿ ಮಗುವಿಗೂ 'ಇ' ಕಾರ್ಡ್ ತಿರುಗಿಸಿ ಹಿಡಿಯಬೇಕು, ಕಣ್ಣು ಕಿರಿದು ಮಾಡಿದರೆ ಅಲ್ಲಿಗೇ ನಿಲ್ಲಿಸಬೇಕು. 6 ಮೀಟರ್ ಅಂತರವನ್ನು ಹೆಜ್ಜೆ ಎಣಿಸಿ ಅಳೆಯದೆ ಟೇಪ್ ಹಿಡಿದೇ ಅಳೆಯಬೇಕು.

ಮನೆತನದ ನಕ್ಷೆ

ತಂದೆಗೆ 38 ವರ್ಷ, −4.00. ಎಂಟನೇ ತರಗತಿಯಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಚಸ್ಮಾ ಬಂತು. ತಾಯಿಗೆ 29, ಏಳನೇ ತರಗತಿವರೆಗೆ ಓದಿದ್ದಾರೆ, ಚಸ್ಮಾ ಇಲ್ಲ. "ಇಲ್ಲ" ಎಂಬುದನ್ನು ನಂಬದೆ ಪರೀಕ್ಷಿಸಿದಾಗ −0.75 ಸಿಕ್ಕಿತು, ಅವರಿಗೇ ಗೊತ್ತಿರಲಿಲ್ಲ. ಈ ಭಾಗದಲ್ಲಿ ಹೆಣ್ಣುಮಕ್ಕಳ ಸಣ್ಣ ಮೈನಸ್ ಹೀಗೇ ಯಾರ ಲೆಕ್ಕಕ್ಕೂ ಬರದೆ ಉಳಿಯುತ್ತದೆ. "ತಾಯಿಗೆ ಇಲ್ಲ" ಎಂದು ಬರೆದುಕೊಂಡರೆ ಇಡೀ ನಕ್ಷೆ ತಪ್ಪುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ತಂದೆತಾಯಿಯಲ್ಲಿ ಒಬ್ಬರಿಗೆ ಮೈನಸ್ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು ಎರಡು ಪಟ್ಟು, ಇಬ್ಬರಿಗೂ ಇದ್ದರೆ ಸುಮಾರು ಮೂರು ಪಟ್ಟು. ಈ ಮಕ್ಕಳು ಎರಡನೇ ಗುಂಪಿಗೆ ಸೇರುತ್ತಾರೆ.

ಅಜ್ಜಿಗೆ ಪೊರೆಯ ಆಪರೇಷನ್‌ಗೆ ಮೊದಲು −5 ಇತ್ತಂತೆ. ಇದನ್ನು ನಕ್ಷೆಯಿಂದ ಬಿಡಬೇಕು. ಇಳಿವಯಸ್ಸಿನಲ್ಲಿ ಪೊರೆ ಗಟ್ಟಿಯಾಗಿ ಬರುವ ಮೈನಸ್ ಮಸೂರದ್ದು, ಕಣ್ಣಿನ ಉದ್ದದ್ದಲ್ಲ.

ನಕ್ಷೆಯಲ್ಲಿ ಇನ್ನೆರಡು ಸಂಗತಿಗಳಿವೆ. ಒಂದು, ತಂದೆತಾಯಿಯದು ಸೋದರಮಾವ–ಸೊಸೆ ಲಗ್ನ. ಆ ಅಜ್ಜಿ, ಅಂದರೆ ತಾಯಿಯ ತಾಯಿ, ತಂದೆಗೆ ಸ್ವಂತ ಅಕ್ಕ. ರಕ್ತಸಂಬಂಧ ಎಂದ ಕೂಡಲೇ "ಅದಕ್ಕೇ ಬಂದಿದೆ" ಎಂದುಬಿಡುವ ರೂಢಿ ವೈದ್ಯರಲ್ಲೂ ಇದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಶುರುವಾಗುವ ಸಾಮಾನ್ಯ ಮೈನಸ್‌ಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಕೆಲಸ ಮಾಡುವುದು ನೂರಾರು ಜೀನ್‌ಗಳು, ಒಂದೊಂದರ ಪಾಲೂ ತೀರಾ ಸಣ್ಣದು. 2020ರಲ್ಲಿ 5 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ ಇಂಥ 449 ತಾಣಗಳನ್ನು ಗುರುತಿಸಲಾಯಿತು. ಅವನ್ನೆಲ್ಲ ಸೇರಿಸಿದರೂ ವಂಶದ ಪಾಲಿನ ಒಂದು ಭಾಗವಷ್ಟೇ ವಿವರಣೆಗೆ ಸಿಗುತ್ತದೆ. "ರಕ್ತ ಪರೀಕ್ಷೆ ಮಾಡಿ ಹೇಳಿಬಿಡ್ರಿ" ಎಂದರೆ ಈ ಮಕ್ಕಳಿಗೆ ಉಪಯೋಗವಾಗುವಂಥ ಪರೀಕ್ಷೆ ಇಲ್ಲ.

ರಕ್ತಸಂಬಂಧ ಮುಖ್ಯವಾಗುವುದು ಬೇರೆ ಕಡೆ. ಸೋದರಮಾವ–ಸೊಸೆಯ ಮಗುವಿನಲ್ಲಿ ಒಂದು ಜೀನ್‌ನ ಎರಡೂ ಪ್ರತಿಗಳು ಒಂದೇ ಹಿರಿಯರಿಂದ ಬಂದಿರುವ ಸಾಧ್ಯತೆ 1/8, ಅತ್ತೆ–ಮಾವನ ಮಕ್ಕಳ ಲಗ್ನದಲ್ಲಿ 1/16. ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆಗಳು ಹೀಗೆ ಹೊರಗೆ ಬರುತ್ತವೆ. ಶಾಲೆಗೆ ಸೇರುವ ಮೊದಲೇ −5, −6 ಇರುವುದು, ಸಂಜೆಯಾದ ಮೇಲೆ ಅಂಗಳದಲ್ಲಿ ಎಡವುವುದು, ಕಣ್ಣುಗುಡ್ಡೆ ಅದುರುವುದು, ಕಿವಿ ಮಂದ, ಸೀಳು ಅಂಗುಳ, ವಯಸ್ಸಿಗೆ ಮೀರಿದ ಎತ್ತರ ಮತ್ತು ಉದ್ದ ಬೆರಳು, ಜಾಗ ಬಿಟ್ಟ ಮಸೂರ – ಇದರಲ್ಲಿ ಯಾವುದಿದ್ದರೂ ಚಸ್ಮಾ ಬರೆದು ಕಳಿಸುವಂತಿಲ್ಲ. ಇಆರ್‌ಜಿ (ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರವಾದ ರೆಟಿನಾದ ವಿದ್ಯುತ್ ಪರೀಕ್ಷೆ), ಮಕ್ಕಳ ವೈದ್ಯರ ಪರೀಕ್ಷೆ, ಜೆನೆಟಿಕ್ ಸಲಹೆ ಬೇಕು. ಇವುಗಳಲ್ಲಿ ಕೆಲವು ರಕ್ತಸಂಬಂಧವಿಲ್ಲದೆಯೂ ಬರುತ್ತವೆ, ಆದರೂ ಕೇಳುವ ಪ್ರಶ್ನೆ ಅವೇ. ಈ ಇಬ್ಬರಲ್ಲಿ ಒಂದೂ ಇರಲಿಲ್ಲ.

ಎರಡನೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ತಂದೆಗೆ ಇಬ್ಬರು ಅಣ್ಣಂದಿರು. ಇಬ್ಬರೂ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಹೊಲಕ್ಕೆ ಇಳಿದವರು. ಇಬ್ಬರಿಗೂ ನೋಟ 6/6, ಚಸ್ಮಾ ಇಲ್ಲ. ಮನೆಯಲ್ಲಿ ಹಾಸ್ಟೆಲ್ ಹತ್ತಿ ಓದಿದವನಿಗೆ ಮಾತ್ರ −4. ಒಂದು ಮನೆಯ ಮೂವರಿಂದ ಏನೂ ಸಾಬೀತಾಗದು. ಆದರೆ 2018ರಲ್ಲಿ ಬ್ರಿಟನ್ನಿನ ದೊಡ್ಡ ಜನಸಮೂಹದ ಜೀನ್ ಮಾಹಿತಿ ಬಳಸಿ ಮಾಡಿದ ಲೆಕ್ಕವೂ ಇದೇ ದಿಕ್ಕಿನದು: ಓದಿನ ಪ್ರತಿ ಹೆಚ್ಚುವರಿ ವರ್ಷಕ್ಕೆ ಸುಮಾರು 0.27 ಡಯಾಪ್ಟರ್ ಮೈನಸ್ ಕಡೆಗೆ ಜಾರುತ್ತದೆ. ಮೈನಸ್ ಇದ್ದವರು ಹೆಚ್ಚು ಓದುತ್ತಾರೆ ಎಂಬ ತಿರುವುಮುರುವಿಗೆ ಅಲ್ಲಿ ಆಧಾರ ಸಿಗಲಿಲ್ಲ. ನಮಗೆ ಇನ್ನೂ ಹತ್ತಿರದ ಅಂಕಿ 2002ರದು. ಒಂದೇ ವಿಧಾನದಲ್ಲಿ, ಹನಿ ಹಾಕಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ, ಯಾದಗಿರಿಗೆ ಅಂಟಿಕೊಂಡ ಅಂದಿನ ಮಹಬೂಬನಗರ ಜಿಲ್ಲೆಯ ಹಳ್ಳಿ ಮಕ್ಕಳಲ್ಲಿ ಮೈನಸ್ 4.1%, ದೆಹಲಿಯ ಮಕ್ಕಳಲ್ಲಿ 7.4%.

ಅಕ್ಕನ ದಿನ, ತಮ್ಮನ ದಿನ

ಅಕ್ಕ ನಸುಕಿನ ಐದೂವರೆಗೆ ಎದ್ದು ಓದುತ್ತಾಳೆ. ಎಂಟೂಕಾಲಿಗೆ ವ್ಯಾನ್, ನಾಲ್ಕೂಕಾಲಿನವರೆಗೆ ಶಾಲೆ, ಐದರಿಂದ ಏಳೂವರೆವರೆಗೆ ಕೋಚಿಂಗ್, ಊಟದ ಮೇಲೆ ಹತ್ತರವರೆಗೆ ಹೋಂವರ್ಕ್. ವಾರದ ದಿನಗಳಲ್ಲಿ ಬಯಲಿನಲ್ಲಿ ಕಳೆಯುವುದು 25 ನಿಮಿಷ, ಅದೂ ವ್ಯಾನಿಗೆ ಕಾಯುವಾಗ. ಮೊಬೈಲ್ ದಿನಕ್ಕೆ ಒಂದು ತಾಸು, ಪುಸ್ತಕ ಏಳು ತಾಸು. ಮೊಬೈಲ್ ಮೇಲೆ ತಪ್ಪು ಹೊರಿಸುವುದು ಎಲ್ಲರಿಗೂ ಸುಲಭ, ಪುಸ್ತಕದ ಮೇಲೆ ಹೊರಿಸಲು ಯಾರಿಗೂ ಮನಸ್ಸಿಲ್ಲ. ಕಣ್ಣಿಗೆ ಆ ಭೇದವಿಲ್ಲ. 20 ಸೆಂ.ಮೀ.ನಲ್ಲಿ ಹಿಡಿದ ಗೈಡ್, 20 ಸೆಂ.ಮೀ.ನಲ್ಲಿ ಹಿಡಿದ ಫೋನ್, ಎರಡೂ ಹತ್ತಿರದ ಕೆಲಸವೇ. ಸಿಡ್ನಿಯ ಮಕ್ಕಳಲ್ಲಿ ಒಟ್ಟು ಓದಿನ ತಾಸಿಗಿಂತ ಎರಡು ಅಭ್ಯಾಸಗಳು ಮೈನಸ್ ಜೊತೆ ಗಟ್ಟಿಯಾಗಿ ಕೂಡಿಕೊಂಡಿದ್ದವು: 30 ಸೆಂ.ಮೀ.ಗಿಂತ ಹತ್ತಿರ ಹಿಡಿಯುವುದು, 30 ನಿಮಿಷಕ್ಕೂ ಮೀರಿ ಬಿಡುವಿಲ್ಲದೆ ಓದುವುದು. ಹುಡುಗಿಗೆ ಎರಡೂ ಇದ್ದವು. ಹಾಸಿಗೆ ಮೇಲೆ ಬೋರಲು ಮಲಗಿ ಓದುವಾಗ ಅಳೆದರೆ 17 ಸೆಂ.ಮೀ.

ತಮ್ಮ ಊರ ಶಾಲೆಗೆ ನಡೆದು ಹೋಗುತ್ತಾನೆ. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಗೋಲಿ, ಕ್ರಿಕೆಟ್, ಇಲ್ಲವೇ ಕಾಕಾನ ಟ್ರ್ಯಾಕ್ಟರ್. ದಿನಕ್ಕೆ ಮೂರು ತಾಸು ಬಯಲು, ಯಾರೂ ಹೇಳಿಕೊಡದೆ.

ಬೆಳಕಿನ ಅಂತರ ಎಷ್ಟೆಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳಕು ಅಳೆಯುವ ಲಕ್ಸ್ ಮೀಟರನ್ನು ಮಗುವಿನ ಕಣ್ಣಿನ ಎತ್ತರದಲ್ಲಿ, ಮಗು ನೋಡುವ ದಿಕ್ಕಿಗೇ ಹಿಡಿಯಬೇಕು. ಆಕಾಶಕ್ಕೆ ಮುಖ ಮಾಡಿ ಹಿಡಿದರೆ ಅಂಕಿ ಸುಳ್ಳೇ ಉಬ್ಬುತ್ತದೆ. ಮಾವನ ಮನೆಯ ನಡುಕೋಣೆಯಲ್ಲಿ ಟ್ಯೂಬ್‌ಲೈಟ್ ಹಚ್ಚಿದಾಗ 90 ಲಕ್ಸ್. ಬಿಸಿಲು ತಡೆಯಲು ಪರದೆ ಎಳೆದ ತರಗತಿಯ ಹಿಂದಿನ ಬೆಂಚಿನಲ್ಲಿ 140. ಊರ ಮನೆಯ ಮುಂದಿನ ಕಟ್ಟೆಯ ಮೇಲೆ ಬೆಳಿಗ್ಗೆ ಎಂಟಕ್ಕೆ 3,500. ಬೇವಿನ ಮರದ ನೆರಳಲ್ಲಿ 7,000. ಬಯಲಲ್ಲಿ 40,000. ಕೋಣೆಯಲ್ಲಿ ದೀಪ ಎರಡು ಮಾಡಿದರೂ ಇನ್ನೂರು ದಾಟುವುದಿಲ್ಲ, ಬಾಗಿಲು ದಾಟಿ ಕಟ್ಟೆಗೆ ಬಂದರೆ ಹತ್ತಾರು ಪಟ್ಟು.

ಈ ಬೆಳಕಿಗೆ ಕಣ್ಣಿನೊಳಗೆ ಕೆಲಸವಿದೆ. ಪ್ರಖರ ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಕಣ್ಣುಗುಡ್ಡೆ ಉದ್ದವಾಗುವುದಕ್ಕೆ ತಡೆ ಹಾಕುತ್ತದೆ. ಕೋಳಿಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಕಣ್ಣಿಗೆ ಮಸುಕು ಗಾಜು ತೊಡಿಸಿದ ಮರಿಗೆ ಮೈನಸ್ ಬರುತ್ತದೆ, ದಿನದ ಕೆಲವು ತಾಸು ಜೋರು ಬೆಳಕಿನಲ್ಲಿಟ್ಟರೆ ಅದು ಕಡಿಮೆಯಾಗುತ್ತದೆ. ಮಕ್ಕಳಲ್ಲಿ ದೊಡ್ಡ ಪುರಾವೆ ಚೀನಾದ ಗುವಾಂಗ್‌ಝೌ ನಗರದ್ದು, 2015ರಲ್ಲಿ ಪ್ರಕಟವಾಯಿತು. ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಪಾಠ ಕೊಟ್ಟಾಗ ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದವರು 30.4%, ಕೊಡದ ಶಾಲೆಗಳಲ್ಲಿ 39.5%. ಅದಕ್ಕೂ ಮೊದಲು, 2008ರಲ್ಲಿ, ಚೀನೀ ಮೂಲದ 6–7 ವರ್ಷದ ಮಕ್ಕಳನ್ನು ಸಿಂಗಪುರದಲ್ಲೂ ಸಿಡ್ನಿಯಲ್ಲೂ ಹೋಲಿಸಿದ್ದರು. ತಂದೆತಾಯಿಯರಲ್ಲಿ ಮೈನಸ್ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಸಿಂಗಪುರದ ಮಕ್ಕಳಲ್ಲಿ ಮೈನಸ್ 29.1%, ಸಿಡ್ನಿಯಲ್ಲಿ 3.3%. ಬಯಲಿನಲ್ಲಿ ಕಳೆದ ಸಮಯ ವಾರಕ್ಕೆ ಸಿಂಗಪುರದಲ್ಲಿ 3 ತಾಸು, ಸಿಡ್ನಿಯಲ್ಲಿ ಸುಮಾರು 14.

ತಾಯಿಗೆ ಕೊಟ್ಟ ಉತ್ತರ ಇಷ್ಟರಿಂದ ಹುಟ್ಟಿದ್ದು. ಅಪ್ಪನಿಂದ ಬಂದದ್ದು ಒಲವು. ಅದು ಯಾವಾಗ ಶುರುವಾಗಬೇಕು, ಎಷ್ಟು ವೇಗ ಏರಬೇಕು ಎಂಬುದನ್ನು ತೀರ್ಮಾನಿಸುವುದು ಮಗು ದಿನ ಕಳೆಯುವ ರೀತಿ. ಅಪ್ಪನಿಗೆ 13ಕ್ಕೆ ಶುರುವಾದದ್ದು ಮಗಳಿಗೆ ಎಂಟೂವರೆಗೇ ಶುರುವಾಗಿದೆ. ಶುರುವಾದ ವಯಸ್ಸು ಚಿಕ್ಕದಾದಷ್ಟೂ ಏರಲು ಉಳಿದ ವರ್ಷಗಳು ಹೆಚ್ಚು, ಕೊನೆಯ ನಂಬರ್ ದೊಡ್ಡದು. −6 ದಾಟಿದ ಕಣ್ಣಿನಲ್ಲಿ ರೆಟಿನಾ ಕಳಚುವುದು, ಅದರ ನಡುಭಾಗ (ಮ್ಯಾಕ್ಯುಲಾ) ಸವೆಯುವುದು, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಎಲ್ಲಕ್ಕೂ ಅಪಾಯ ಹೆಚ್ಚು. ಕೊನೆಯ ನಂಬರ್ ಒಂದು ಡಯಾಪ್ಟರ್ ತಗ್ಗಿದರೂ ಮೈನಸ್‌ನಿಂದಾಗುವ ಮ್ಯಾಕ್ಯುಲಾ ಹಾನಿಯ ಸಂಭವ ಸುಮಾರು 40% ಇಳಿಯುತ್ತದೆಂಬ ಅಂದಾಜಿದೆ.

ಅಕ್ಕನಿಗೆ ಮಾಡಿದ್ದು

ಮೊದಲು ಪೂರ್ತಿ ನಂಬರಿನ ಚಸ್ಮಾ, ಸುಲಭಕ್ಕೆ ಒಡೆಯದ ಪಾಲಿಕಾರ್ಬನೇಟ್ ಲೆನ್ಸ್, ಎದ್ದಾಗಿನಿಂದ ಮಲಗುವವರೆಗೆ. ಮಾವನ ಮನೆಯಲ್ಲಿ "ಹಾಕ್ಕೊಂಡಷ್ಟೂ ನಂಬರ್ ಏರತದ" ಎಂದು ಸಂಜೆ ತೆಗೆಸಿಡುತ್ತಿದ್ದರು. ಹೆಣ್ಣುಮಗು, ನಾಳೆ ಲಗ್ನಕ್ಕೆ ತೊಡಕು ಎಂಬ ಮಾತೂ ಅದರ ಹಿಂದೆ ಇತ್ತು. "ಸ್ವಲ್ಪ ಕಮ್ಮಿ ನಂಬರ್ ಕೊಡ್ರಿ" ಎಂಬ ಕೋರಿಕೆಯೂ ಬಂತು. ಬೇಕೆಂದೇ ಕಡಿಮೆ ನಂಬರ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮೈನಸ್ ನಿಧಾನವಾಗಲಿಲ್ಲ. 2002ರ ಮಲೇಷ್ಯಾದ ಪ್ರಯೋಗದಲ್ಲಿ ಇನ್ನೂ ವೇಗವಾಗಿ ಏರಿತು. ಗಜ್ಜರಿ, ಕಣ್ಣಿನ ವ್ಯಾಯಾಮ, ಜೇನುತುಪ್ಪದ ಹನಿ, ನೀಲಿ ಬೆಳಕು ತಡೆಯುವ ಕೋಟಿಂಗ್ – ಯಾವುದೂ ಕಣ್ಣಿನ ಉದ್ದ ತಡೆಯುವುದಿಲ್ಲ. ಎ ಜೀವಸತ್ವದ ಕೊರತೆ ಬೇರೆಯೇ ಕಾಯಿಲೆ.

ಇನ್ನೊಂದು ಸಣ್ಣ ವಿಷಯ ದೊಡ್ಡದಾಗುತ್ತದೆ. ಕಲಬುರಗಿಯ ಧೂಳಿನಲ್ಲಿ ಚಸ್ಮಾವನ್ನು ಒಣಗಿದ್ದಾಗಲೇ ಸೆರಗಿನಿಂದಲೋ ಯೂನಿಫಾರ್ಮಿನಿಂದಲೋ ಒರೆಸಿದರೆ ಮೂರು ತಿಂಗಳಿಗೆ ಲೆನ್ಸ್ ಗೀರಿ ಮಬ್ಬಾಗುತ್ತದೆ. ನೀರಲ್ಲಿ ಧೂಳು ತೊಳೆದು, ಒಂದು ಹನಿ ಸೋಪು ಸವರಿ, ಮತ್ತೆ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಬೇಕು.

ಬೇಸಿಗೆಯಲ್ಲಿ ಕಣ್ಣು ಕೆರೆತದ ಅಲರ್ಜಿ ಈ ಭಾಗದ ಮಕ್ಕಳಲ್ಲಿ ಬಹಳ. ಜೋರಾಗಿ ಉಜ್ಜುವ ಮಗುವಿನಲ್ಲಿ ಕಾರ್ನಿಯಾ ತೆಳುವಾಗಿ ಕೋನದಂತೆ ಉಬ್ಬುವ ಕೆರಾಟೊಕೋನಸ್ ಬರಬಹುದು. ಅದೂ ಮೈನಸ್ ಏರಿದಂತೆಯೇ ಕಾಣುತ್ತದೆ. ಸಿಲಿಂಡರ್ ನಂಬರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಇಲ್ಲದ್ದಕ್ಕೆ ಕೊಡುವ ನಂಬರ್) ಬೇಗ ಬದಲಾದರೆ, ರೆಟಿನೋಸ್ಕೋಪ್‌ನಲ್ಲಿ ನೆರಳು ಕತ್ತರಿಯಂತೆ ಆಡಿದರೆ ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ ತೆಗೆಯುವ ಟೊಪೊಗ್ರಫಿ ಮಾಡಿಸದೆ ಬಿಡಬಾರದು. ಹುಡುಗಿಯ ಕಾರ್ನಿಯಾ ಸರಿಯಿತ್ತು. ಪಾಪೆ ಅಗಲಿಸಿ ನೋಡಿದ ರೆಟಿನಾದ ಅಂಚಿನಲ್ಲೂ ತೊಂದರೆ ಇರಲಿಲ್ಲ.

ನಿಧಾನಿಸಲು ಎರಡು ದಾರಿಗಳಿದ್ದವು. ಒಂದು, ಲೆನ್ಸಿನ ನಡುಭಾಗ ಬಿಟ್ಟು ಸುತ್ತಲೂ ಸಣ್ಣ ಸಣ್ಣ ಮಸೂರಗಳಿರುವ ವಿಶೇಷ ಚಸ್ಮಾ. 2020ರ ಹಾಂಗ್‌ಕಾಂಗ್ ಪ್ರಯೋಗದಲ್ಲಿ ಇಂಥದ್ದು ಎರಡು ವರ್ಷದಲ್ಲಿ ಮೈನಸ್ ಏರುವುದನ್ನು 52% ತಗ್ಗಿಸಿತ್ತು. ಬೆಲೆ ಸಾಧಾರಣ ಲೆನ್ಸಿನ ಹಲವು ಪಟ್ಟು. ಮಕ್ಕಳ ಚಸ್ಮಾ ಒಡೆಯುವ, ನಂಬರ್ ಬದಲಾಗುವ ವೇಗಕ್ಕೆ ಈ ಮನೆಗೆ ಅದು ಹೊಂದುವಂತಿರಲಿಲ್ಲ. ಇನ್ನೊಂದು, ರಾತ್ರಿ ಮಲಗುವಾಗ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ. ಭಾರತದ ಹಲವು ಕೇಂದ್ರಗಳಲ್ಲಿ ನಡೆದ 2021ರ ಪ್ರಯೋಗದಲ್ಲಿ 0.01% ಹನಿ ಹಾಕಿದವರಲ್ಲಿ ವರ್ಷಕ್ಕೆ −0.16, ಹಾಕದವರಲ್ಲಿ −0.35 ಏರಿತು. ಆದರೆ ಕಣ್ಣಿನ ಉದ್ದದಲ್ಲಿ ಖಚಿತವೆನ್ನುವಂಥ ವ್ಯತ್ಯಾಸ ಕಾಣಲಿಲ್ಲ. 2023ರ ಅಮೆರಿಕದ ಪ್ರಯೋಗದಲ್ಲಿ 0.01% ಏನೂ ಕೆಲಸ ಮಾಡಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 0.05% ವರ್ಷದ ಏರಿಕೆಯನ್ನು −0.81ರಿಂದ −0.27ಕ್ಕೆ ಇಳಿಸಿತ್ತು. ಆ ಪ್ರಮಾಣದಲ್ಲಿ ಕೆಲವರಿಗೆ ಬಿಸಿಲು ಚುಚ್ಚುವುದುಂಟು. ಬಿಸಿಲಿನ ಊರಿಗೆ ಸಣ್ಣದರಿಂದ ಶುರು ಮಾಡೋಣವೆಂದು 0.01% ಆರಿಸಿದ್ದು ವಾದಕ್ಕೆ ಆಸ್ಪದವಿರುವ ನಿರ್ಧಾರವೇ.

ಆರು ತಿಂಗಳಿಗೆ ಬಲಗಣ್ಣು 25.06 ಮಿ.ಮೀ. ಅಂದರೆ 0.16 ಬೆಳೆದಿದೆ. ವರ್ಷಕ್ಕೆ 0.32ರ ವೇಗ, ಔಷಧ ಹಾಕದ ಮಗುವಿನದೇ ವೇಗ. ಔಷಧ ಸೋತಿತೆಂದು ಬರೆಯುವ ಮೊದಲು ಬಾಟಲಿ ತರಿಸಿ ನೋಡಿದರೆ ಎರಡು ತಿಂಗಳ ಹಿಂದೆ ತೆರೆದದ್ದು. ತೆರೆದ ಒಂದು ತಿಂಗಳಿಗೆ ಎಸೆಯಬೇಕಾದ್ದು. ಇಟ್ಟಿದ್ದು ಪಶ್ಚಿಮದ ಕಿಟಕಿಯಲ್ಲಿ, ಏಪ್ರಿಲ್ ಬಿಸಿಲಿಗೆ. ಊರಿಗೆ ಹೋದಾಗೆಲ್ಲ ಹನಿ ಇಲ್ಲೇ ಉಳಿದಿತ್ತು. ಹೊಸ ಕ್ರಮ ಹೀಗಾಯಿತು: 0.05%, ಬಾಟಲಿಯ ಮೇಲೆ ತೆರೆದ ತಾರೀಕು ಬರೆಯುವುದು, ನೆರಳಿನ ಕಪಾಟಿನಲ್ಲಿ ಇಡುವುದು, ಊರಿಗೆ ಬೇರೆ ಬಾಟಲಿ. ಹಾಕುವಾಗ ಕೆಳರೆಪ್ಪೆ ಎಳೆದು ಒಂದೇ ಹನಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುವುದು. ವರ್ಷದ ಕೊನೆಗೆ 25.14, ಅಂದರೆ ಮುಂದಿನ ಆರು ತಿಂಗಳಲ್ಲಿ 0.08. ನಂಬರ್ −3.75. ಓದಲು ಮಸುಕಿಲ್ಲ, ಬಿಸಿಲಿಗೆ ಟೋಪಿ ಸಾಕಾಗಿದೆ. ಇದನ್ನು ತಟ್ಟನೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮೈನಸ್ ಮತ್ತೆ ಜೋರಾಗಿ ಏರಬಹುದು. ಎರಡು ವರ್ಷವಾದರೂ ಹಾಕಿ, ವೇಗ ತಗ್ಗಿದ್ದು ಖಚಿತವಾದ ಮೇಲೆ ನಿಧಾನಕ್ಕೆ ಇಳಿಸುವುದು.

ಓದಿಗೆ ಸಾವಕಾರರ ಅಂಗಡಿಯ ಲೆಕ್ಕದ ಮೇಜಿನಂಥ ಓರೆ ಹಲಗೆ ಮಾಡಿಸಿದರು. ನೆಲದ ಮೇಲೆ ಕೂತರೂ ಬೆನ್ನು ಬಾಗದು, ಪುಸ್ತಕ ದೂರ ಉಳಿಯುತ್ತದೆ. ಅಳತೆ: ಮುಷ್ಟಿ ಗಲ್ಲಕ್ಕೆ ಇಟ್ಟರೆ ಮೊಳಕೈ ಪುಸ್ತಕ ಮುಟ್ಟಬೇಕು. ಅರ್ಧ ತಾಸಿಗೊಮ್ಮೆ ಎದ್ದು ಕಟ್ಟೆಗೆ ಹೋಗಿ ಬರುವುದು.

ತಮ್ಮನ ಜೂನ್

ಬಯಲು ಮೈನಸ್ ಬರುವುದನ್ನು ಮುಂದೂಡುವಷ್ಟು ಚೆನ್ನಾಗಿ, ಬಂದದ್ದನ್ನು ನಿಧಾನಿಸುವುದಿಲ್ಲ. ಹಾಗಾಗಿ ಅಕ್ಕನಿಗೆ ಹನಿ ಮುಖ್ಯ, ತಮ್ಮನಿಗೆ ಬಯಲು. ಅವನಿಗೆ ಚಸ್ಮಾ ಬೇಡ. 2023ರ ಹಾಂಗ್‌ಕಾಂಗ್ ಪ್ರಯೋಗದಲ್ಲಿ ಮೈನಸ್ ಬರುವ ಮೊದಲೇ 0.05% ಹಾಕಿದ ಮಕ್ಕಳಲ್ಲಿ ಎರಡು ವರ್ಷಕ್ಕೆ 28.4%, ಹಾಕದವರಲ್ಲಿ 53% ಮಂದಿಗೆ ಮೈನಸ್ ಬಂತು. ಆ ದಾರಿ ಇದೆ. ಆದರೆ ದಿನಕ್ಕೆ ಮೂರು ತಾಸು ಬಯಲು ಪುಕ್ಕಟೆ ಸಿಗುತ್ತಿರುವ ಹುಡುಗನಿಗೆ ಮೊದಲು ಅದನ್ನು ಕಸಿಯದಿರುವುದೇ ಸರಿ.

ಕಲಬುರಗಿಗೆ ಕಳಿಸಬೇಡಿ ಎಂದು ಹೇಳುವ ಹಕ್ಕು ಕಣ್ಣಿನ ವೈದ್ಯರಿಗಿಲ್ಲ. ಇಲ್ಲಿ ಓದು ಮನೆತನವನ್ನು ಮೇಲೆತ್ತುವ ದಾರಿ, ನವೋದಯದ ಸೀಟು ಆ ದಾರಿಯ ಒಂದು ಮೆಟ್ಟಿಲು. ಮಾತಾಡಬೇಕಾದ್ದು ವಯಸ್ಸು ಮತ್ತು ದಿನಚರಿಯ ಬಗ್ಗೆ. ನವೋದಯ ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿ. ಮೂರನೇ ತರಗತಿಯಿಂದಲೇ ಅದಕ್ಕೆ ಕೋಚಿಂಗ್ ಹಚ್ಚುವುದರಿಂದ ಅಂಕಕ್ಕೆ ಏನು ಸಿಗುತ್ತದೋ, ಕಣ್ಣಿಗೆ ಮಾತ್ರ ಎರಡು ವರ್ಷ ನಷ್ಟ. ಮನೆಯವರು ಒಪ್ಪಿದ್ದು ಇಷ್ಟು: ನಾಲ್ಕನೇ ತರಗತಿವರೆಗೆ ಹುಡುಗ ಊರಲ್ಲೇ. ಆಮೇಲೆ ಕಲಬುರಗಿಗೆ ಬಂದರೂ ದಿನಕ್ಕೆ ಎರಡು ತಾಸು ಬಯಲು. ಬೆಳಿಗ್ಗೆ ಆರೂಮುಕ್ಕಾಲಿನಿಂದ ಏಳೂವರೆ, ಶಾಲೆಯ ಊಟ ಮತ್ತು ಬಿಡುವು ಮರದಡಿ, ಸಂಜೆ ಐದೂಕಾಲಿನಿಂದ ಆರು. ಕೋಚಿಂಗ್ ಆರೂಕಾಲಿಗೆ. ಅಕ್ಕನಿಗೂ ಇದೇ ಪಟ್ಟಿ.

ಏಪ್ರಿಲ್–ಮೇಯಲ್ಲಿ ಪಾರಾ 42 ಡಿಗ್ರಿ ದಾಟುವ ಊರಿನಲ್ಲಿ ಈ ಪಟ್ಟಿ ಹಾಗೇ ನಡೆಯದು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಗ ಬಯಲು ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದೂವರೆ ಮೇಲೆ, ನಡುವೆ ನೀರು. ಹೊತ್ತು ಏರಿದ ಬಿಸಿಲೇ ಬೇಕೆಂದಿಲ್ಲ. ಮರದ ನೆರಳಲ್ಲಿ, ಟೋಪಿ ಹಾಕಿದ್ದಾಗಲೂ ಕಣ್ಣಿಗೆ ಸಾವಿರ ಲಕ್ಸ್ ಮೀರಿಯೇ ಬೀಳುತ್ತದೆ. ಸೂರ್ಯನನ್ನು ನೇರ ನೋಡಿದರೆ ಒಳ್ಳೆಯದೆಂಬ ಮಾತನ್ನು ಮಾತ್ರ ಯಾರೂ ಮಕ್ಕಳ ಕಿವಿಗೆ ಹಾಕಬಾರದು. ರೆಟಿನಾ ಸುಡುತ್ತದೆ.

ಹುಡುಗನಿಗೆ ಆರು ತಿಂಗಳಿಗೊಮ್ಮೆ ಕಣ್ಣಿನ ಉದ್ದ, ವರ್ಷಕ್ಕೊಮ್ಮೆ ಹನಿ ಹಾಕಿದ ನಂಬರ್. ಮೊದಲ ವರ್ಷದ ಕೊನೆಗೆ 23.05 ಇದ್ದದ್ದು 23.24 ಆಗಿತ್ತು, ನಂಬರ್ +0.12. ಏರಿದೆ, ಓಡಿಲ್ಲ. ವರ್ಷಕ್ಕೆ 0.3 ಮಿ.ಮೀ. ಮುಟ್ಟಿದರೆ, ಇಲ್ಲವೇ ನಂಬರ್ ಸೊನ್ನೆಗಿಂತ ಕೆಳಗಿಳಿದರೆ ಹನಿಯ ಮಾತು ಎತ್ತುವುದೆಂದು ಕಾಗದದ ಮೇಲೆ ಬರೆದಿಟ್ಟಿದೆ. ಅದೇ ಭೇಟಿಯಲ್ಲಿ ತಂದೆಯ ಪಾಪೆ ಅಗಲಿಸಿ ರೆಟಿನಾ ನೋಡಲಾಯಿತು, ಅವರ ಜೀವನದಲ್ಲಿ ಮೊದಲ ಸಲ. ಎಡಗಣ್ಣಿನ ಅಂಚಿನಲ್ಲಿ ಲ್ಯಾಟಿಸ್ ಎಂಬ ತೆಳುಪಟ್ಟಿ ಇದೆ, ರಂಧ್ರವಿಲ್ಲ, ಸದ್ಯಕ್ಕೆ ಲೇಸರ್ ಬೇಡ. ಕಣ್ಣಿನಲ್ಲಿ ಮಿಂಚು ಹೊಳೆದರೆ, ಒಮ್ಮೆಲೆ ಕರಿ ಚುಕ್ಕೆಗಳು ತೇಲಿದರೆ, ಬದಿಯಿಂದ ಪರದೆ ಎಳೆದಂತಾದರೆ ಕಟಾವಿನ ದಿನವಾದರೂ ಅಂದೇ ಕಲಬುರಗಿಗೆ ಬರಬೇಕೆಂದು ಹೇಳಿ, ವರ್ಷಕ್ಕೊಮ್ಮೆ ತೋರಿಸುವ ತಾರೀಕನ್ನು ಮಗಳ ಕಾರ್ಡಿನ ಮೇಲೆಯೇ ಬರೆದುಕೊಟ್ಟಿದೆ.